ಸಾಕ್ಷರತಾ ಕ್ಲಾಸ್ ತಗೊಳ್ಳೋ ವಾಲಂಟಿಯರ್‌ಗಳನ್ನ ಒಂಟಿ ಬಿಡ್ಬೇಡಿ: ಮಂಡ್ಯ, ಮೈಸೂರು ಕಡೆ ಕ್ಲಾಸ್ ನಡ್ಸೋರಿಗೆ ಒಂದು ಗೈಡ್

ದೊಡ್ಡೋರಿಗೆ ಓದು ಬರಹ ಲೆಕ್ಕ ಕಲಿಸೋ ಕ್ಲಾಸುಗಳು ಯಾಕೆ ಅರ್ಧಕ್ಕೇ ನಿಂತೋಗ್ತವೆ ಅಂತ ಯಾರನ್ನ ಕೇಳಿದ್ರೂ "ಕಲಿಯೋರೇ ಬರಲ್ಲ ಮೇಡಂ" ಅಂತಾರೆ. ಈ ಕಡೆ ಊರುಗಳಲ್ಲಿ ನಾನು ನೋಡಿರೋದು ಬೇರೆ. ಮೊದ್ಲು ಸೋತೋಗೋದು ಕಲಿಸೋರು. ಶುರುನಲ್ಲಿ ಒಂದು ದಿನ ತರಬೇತಿ, ಒಂದು ಪುಸ್ತಕ, ಒಂದು ಫೋಟೋ, ಅಷ್ಟು ಆದ್ಮೇಲೆ ಅವರ ಕಡೆ ಯಾರೂ ತಿರುಗಿ ನೋಡಲ್ಲ, ಎರಡು ತಿಂಗಳಲ್ಲಿ ಪಾಠ ಹೇಳೋ ಹುಡುಗಿಗೆ ತಾನು ಮಾಡ್ತಿರೋದು ಸರಿನೋ ತಪ್ಪೋ ಅಂತ್ಲೂ ಗೊತ್ತಾಗಲ್ಲ, ಆಮೇಲೆ ಮೆಲ್ಲಗೆ ಕ್ಲಾಸ್ ನಿಲ್ಲುತ್ತೆ. ಈ ಲೇಖನ ಕಲಿಸೋರಿಗಲ್ಲ, ಕಲಿಸೋರನ್ನ ನೋಡ್ಕೋಬೇಕಾದೋರಿಗೆ. ನೀವು ಕಾಲೇಜಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಆಫೀಸರ್ ಆಗಿರ್ಬಹುದು, ಪಂಚಾಯ್ತಿ ಲೈಬ್ರರಿ ನೋಡ್ಕೊಳ್ಳೋರಾಗಿರ್ಬಹುದು, ಸ್ತ್ರೀಶಕ್ತಿ ಸಂಘದ ಪ್ರತಿನಿಧಿ ಆಗಿರ್ಬಹುದು, ಇಲ್ಲಾ ಊರಿಗೇನಾದ್ರೂ ಮಾಡೋಣ ಅಂತ ಹೊರಟಿರೋ ಒಬ್ರಾಗಿರ್ಬಹುದು.

ಈಗಿನ ಪರಿಸ್ಥಿತಿ ಏನು ಅಂತ ಸ್ವಲ್ಪ ತಿಳ್ಕೊಂಡಿರಿ. 2009ರಿಂದ 2018ರ ಮಾರ್ಚ್‌ವರೆಗೆ ಸಾಕ್ಷರ ಭಾರತ ಅಂತ ಕೇಂದ್ರ ಸರ್ಕಾರದ ಯೋಜನೆ ಇತ್ತಲ್ಲ, ಆಗ ಗ್ರಾಮ ಪಂಚಾಯ್ತಿಗೊಂದು ಲೋಕ ಶಿಕ್ಷಣ ಕೇಂದ್ರ, ಅಲ್ಲಿ ಇಬ್ರು ಪ್ರೇರಕರು, ಅವರಿಗೆ ತಿಂಗಳಿಗೆ 2000 ರೂಪಾಯಿ ಗೌರವಧನ ಅಂತ ವ್ಯವಸ್ಥೆ ಇತ್ತು. ದುಡ್ಡು ಕಮ್ಮಿನೇ, ಆದ್ರೂ ಪಾಠ ಹೇಳೋರಿಗೆ ಏನಾದ್ರೂ ಡೌಟ್ ಬಂದ್ರೆ ಹೋಗಿ ಕೇಳೋಕೆ ಊರಲ್ಲೇ ಒಬ್ರು ಇರ್ತಿದ್ರು. 2022ರಿಂದ 2027ರವರೆಗೆ ಅಂತ ಬಂದಿರೋ ನವ ಭಾರತ ಸಾಕ್ಷರತಾ ಕಾರ್ಯಕ್ರಮ, ಎಲ್ರೂ ಉಲ್ಲಾಸ್ ಅಂತ ಕರೀತಾರಲ್ಲ ಅದು, ಪೂರ್ತಿ ಸ್ವಯಂಸೇವೆ ಮೇಲೆ ನಿಂತಿದೆ. 15 ವರ್ಷ ಆಗಿರೋ ಯಾರು ಬೇಕಾದ್ರೂ ಕಲೀಬಹುದು, ಆದ್ರೆ ಯೋಜನೆ ಪ್ರಕಾರ ಕಲಿಸೋರಿಗೆ ಸಂಬಳ ಇಲ್ಲ. ಇನ್ನು ಅಗತ್ಯ ಎಷ್ಟಿದೆ ಅಂದ್ರೆ, 2011ರ ಜನಗಣತಿಲಿ ಮಂಡ್ಯ ಜಿಲ್ಲೆ ಸಾಕ್ಷರತೆ ಶೇಕಡ 70ರ ಆಸುಪಾಸು, ಮೈಸೂರು ಜಿಲ್ಲೆ 73ರ ಹತ್ರ, ಮಂಡ್ಯದ ಹೆಂಗಸರದ್ದು 63 ಕೂಡ ಮುಟ್ಟಿರ್ಲಿಲ್ಲ. ಸಂಬಳ ಇಲ್ದೆ ಇಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕೋರಿಗೆ ನಾವು ಕೊಡಕ್ಕಾಗೋದು ಒಂದೇ, ಜೊತೆ. ಅದನ್ನ ಹೇಗೆ ಕೊಡೋದು ಅಂತ ಒಂದೊಂದಾಗಿ ಹೇಳ್ತೀನಿ.

ಯಾರನ್ನ ಹುಡುಕೋದು

ಒಬ್ರನ್ನ ಹುಡುಕ್ಬೇಡಿ, ಜೋಡಿ ಹುಡುಕಿ. ಒಂದು ಕ್ಲಾಸಿಗೆ ಇಬ್ರು ಇದ್ರೆ ಒಬ್ರಿಗೆ ಪರೀಕ್ಷೆ, ಜ್ವರ, ಮನೆಗೆ ನೆಂಟ್ರು ಅಂತಾದ್ರೂ ಕ್ಲಾಸ್ ನಿಲ್ಲಲ್ಲ, ಜೊತೆಗೆ ಸಂಜೆ ಮನೆಗೆ ವಾಪಸ್ ಹೋಗುವಾಗ ಹುಡುಗಿ ಒಬ್ಳೇ ಹೋಗ್ಬೇಕಾಗಲ್ಲ. ಪಿಯುಸಿ ಮುಗಿಸಿ ಮನೇಲಿರೋ ಹುಡುಗಿ, ಅದೇ ಬೀದಿಗೆ ಸೊಸೆಯಾಗಿ ಬಂದಿರೋ ಎಸ್ಸೆಸ್ಸೆಲ್ಸಿ ಓದಿರೋಳು, ಇಂಥ ಜೋಡಿ ಚೆನ್ನಾಗಿ ನಡೆಯುತ್ತೆ, ಒಬ್ಳಿಗೆ ಪಾಠದ ಹುರುಪು ಇರುತ್ತೆ ಇನ್ನೊಬ್ಳಿಗೆ ಮನೆಮನೆ ಕಷ್ಟ ಗೊತ್ತಿರುತ್ತೆ. ರಿಟೈರ್ಡ್ ಮೇಷ್ಟ್ರುಗಳು ಬಂದ್ರೆ ಖಂಡಿತ ತಗೊಳ್ಳಿ, ಆದ್ರೆ ದೊಡ್ಡೋರ ಮುಂದೆ ಮಕ್ಕಳ ಕ್ಲಾಸಿನ ಗತ್ತು ಬರದ ಹಾಗೆ ಮೊದ್ಲೇ ಮಾತಾಡಿ. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರ್‌ಗಳ ತಲೆ ಮೇಲೆ ಇದನ್ನೂ ಹೊರಿಸ್ಬೇಡಿ, ಅವರಿಗಿರೋ ರಿಜಿಸ್ಟರ್‌ಗಳೇ ಸಾಕಾಗಿವೆ. ಯಾರ ಮನೇಲಿ ಓದು ಬರದೋರಿದ್ದಾರೆ ಅಂತ ಅವರು ತೋರಿಸ್ಕೊಟ್ರೆ ಅದೇ ದೊಡ್ಡ ಉಪಕಾರ.

ಒಪ್ಕೊಳ್ಳೋ ಮುಂಚೆ ಎಷ್ಟು ದಿನದ ಕೆಲಸ ಅಂತ ನೇರವಾಗಿ ಹೇಳ್ಬಿಡಿ. ಉಲ್ಲಾಸ್‌ನಲ್ಲಿ ಅಕ್ಷರ ಮತ್ತು ಲೆಕ್ಕದ ಕಲಿಕೆಗೆ 200 ಗಂಟೆ ಅಂತ ಲೆಕ್ಕ ಇಟ್ಕೊಂಡಿದ್ದಾರೆ. ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ ಅಂದ್ರೂ 40 ವಾರ ಬೇಕು, ಹಬ್ಬ ನಾಟಿ ಕಟಾವು ಎಲ್ಲ ಸೇರಿಸಿದ್ರೆ ಹೆಚ್ಚೂಕಮ್ಮಿ ಒಂದು ವರ್ಷ. "ಮೂರು ತಿಂಗಳಲ್ಲಿ ಮುಗಿಯುತ್ತೆ ಬಾಮ್ಮ" ಅಂತ ಪುಸಲಾಯಿಸಿ ಕರ್ಕೊಂಡು ಬಂದ್ರೆ ನಾಲ್ಕನೇ ತಿಂಗಳಿಗೆ ಅವಳು ನಿಮ್ಮ ಫೋನ್ ಎತ್ತಲ್ಲ, ಅದು ಅವಳ ತಪ್ಪೂ ಅಲ್ಲ.

ಜಾಗ

ಇದು ಸಣ್ಣ ವಿಷಯ ಅನ್ಸುತ್ತೆ, ಅಲ್ಲ. ಯಾರದೋ ಮನೆ ಜಗಲಿ, ದೇವಸ್ಥಾನದ ಮುಂದಿನ ಕಟ್ಟೆ ಅಂತ ಇಟ್ರೆ ಇನ್ನೊಂದು ಕೇರಿಯೋರು ಅಲ್ಲಿಗೆ ಬರಲ್ಲ, ಬರೋಕಾಗಲ್ಲ, ಅದನ್ನ ಬಾಯಿ ಬಿಟ್ಟು ಹೇಳೋದೂ ಇಲ್ಲ, "ಟೈಮಿಲ್ಲ" ಅಂತ ಸುಮ್ಮನಾಗ್ತಾರೆ. ಸ್ಕೂಲು, ಅಂಗನವಾಡಿ, ಪಂಚಾಯ್ತಿ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರಲ್ಲ, ಇಂಥ ಎಲ್ರದ್ದೂ ಆಗಿರೋ ಜಾಗ ನೋಡಿ. ಬೀಗದ ಕೈ ಕೇಳೋದು, ಪಿಡಿಒ ಹತ್ರ ಮಾತಾಡೋದು, ಇದು ನಿಮ್ಮ ಕೆಲಸ, ಹತ್ತೊಂಬತ್ತು ವರ್ಷದ ಹುಡುಗಿನ ಇದಕ್ಕೆಲ್ಲ ಓಡಾಡಿಸ್ಬೇಡಿ. ಕರೆಂಟ್ ಹೋದಾಗ ಉರಿಯೋ ಒಂದು ಚಾರ್ಜಿಂಗ್ ಲೈಟ್ ಅಲ್ಲೇ ಇರ್ಲಿ.

ಮೊದಲನೇ ತರಬೇತಿ

ಸ್ವಾಗತ ಭಾಷಣ ವಂದನಾರ್ಪಣೆ ಬಿಡಿ. ಎಲ್ರನ್ನೂ ಕೂರಿಸಿ ಅವರಿಗೆ ಗೊತ್ತಿಲ್ಲದ ಒಂದು ಲಿಪಿ ಕೊಡಿ, ತಮಿಳೋ ಮಲಯಾಳನೋ ಉರ್ದುನೋ, ಮೈಸೂರಲ್ಲಿ ಬರ್ಕೊಡೋರು ಸಿಗ್ತಾರೆ. ಅದ್ರಲ್ಲಿ ಅವರದ್ದೇ ಹೆಸರು ಬರೆದು ಕೊಟ್ಟು ನೋಡ್ಕೊಂಡು ಬರೀರಿ ಅನ್ನಿ, ಆಮೇಲೆ ನೋಡದೆ ಬರೀರಿ ಅನ್ನಿ, ಪಕ್ಕದಲ್ಲಿ ನಿಂತು ಬೇಕಂತ್ಲೇ ಸ್ವಲ್ಪ ಅವಸರ ಮಾಡಿ. ಕೈ ಎಲ್ಲಿಂದ ಶುರು ಮಾಡ್ಬೇಕು ಅಂತ್ಲೇ ಗೊತ್ತಾಗಲ್ಲ, ಗೆರೆ ಸೊಟ್ಟಗಾಗುತ್ತೆ, ಪಕ್ಕದೋರದ್ದು ಕದ್ದು ನೋಡ್ತಾರೆ, ಕೆಲವರು "ನಂಗೆ ಬೇಡಪ್ಪ" ಅಂತ ಪೆನ್ ಕೆಳಗಿಡ್ತಾರೆ. ಆಗ ಕೇಳಿ, ನಿಮಗೆ ಹೇಗನ್ನಿಸ್ತು ಅಂತ. ಐವತ್ತು ವರ್ಷದ ಒಬ್ಬರು ಹೆಂಗಸು "ಈ ವಯಸ್ಸಲ್ಲಿ ನಮ್ಗ್ಯಾಕ್ ಬುಡವ್ವ, ಕಣ್ಣೂ ಸರಿಯಾಗ್ ಕಾಣಕ್ಕಿಲ್ಲ" ಅಂತ ಯಾಕಂತಾರೆ ಅನ್ನೋದು ಅವರಿಗೆ ಆ ಹೊತ್ತಲ್ಲೇ ಅರ್ಥ ಆಗಿರುತ್ತೆ.

ಇಷ್ಟು ಆದ್ಮೇಲೆ ನಡವಳಿಕೆ ಮಾತಾಡಿ. ಕಲಿಯೋಕೆ ಬರೋರನ್ನ ಅಕ್ಕ, ಅಮ್ಮ, ಅಣ್ಣ, ಅಜ್ಜಿ ಅಂತ ಊರಲ್ಲಿ ಹೇಗೆ ಕರೀತಾರೋ ಹಾಗೇ ಕರೀಬೇಕು, ಹಾಜರಿ ಕೂಗ್ಬಾರ್ದು, ಕೆಂಪು ಇಂಕಲ್ಲಿ ತಿದ್ದಬಾರ್ದು, ಎಲ್ರ ಮುಂದೆ ಬೋರ್ಡಿಗೆ ಕರ್ದು ನಿಲ್ಲಿಸ್ಬಾರ್ದು, "ಇಷ್ಟೂ ಬರಲ್ವಾ" ಅನ್ನೋ ಮಾತು ಬಾಯಿಂದ ಬರ್ಲೇಬಾರ್ದು. ಹಾಗೇ ವಾಲಂಟಿಯರ್‌ಗೂ ಒಂದು ಧೈರ್ಯ ಕೊಡಿ, ನಿಂಗೆ ಉತ್ತರ ಗೊತ್ತಿಲ್ದೇ ಇದ್ರೆ "ಕೇಳ್ಕೊಂಡು ನಾಳೆ ಹೇಳ್ತೀನಿ ಅಕ್ಕ" ಅಂದ್ರೆ ಏನೂ ಕಮ್ಮಿಯಾಗಲ್ಲ ಅಂತ.

ಅಕ್ಷರ ಕಲಿಸುವಾಗ ಅವರು ಸಿಕ್ಕಾಕೊಳ್ಳೋ ಜಾಗಗಳು

ಪ್ರೈಮರ್, ಅಂದ್ರೆ ಮೊದಲ ಪಾಠದ ಪುಸ್ತಕ, ಉಲ್ಲಾಸ್ ಆ್ಯಪಲ್ಲೂ ಸರ್ಕಾರದ ಕಲಿಕಾ ವೆಬ್‌ಸೈಟ್ ಆದ ದೀಕ್ಷಾ ಪೋರ್ಟಲ್ಲಲ್ಲೂ ಸಿಗುತ್ತೆ, ಆದ್ರೆ ಪುಸ್ತಕದಲ್ಲಿ ಇಲ್ಲದ ತೊಂದರೆಗಳು ಕ್ಲಾಸಲ್ಲಿ ಬರ್ತವೆ, ನೀವು ವಾಲಂಟಿಯರ್‌ಗೆ ನೆರವಾಗ್ಬೇಕಾದ್ದು ಅಲ್ಲಿ.

ಮೊದಲನೇದು, ಅ ಆ ಇ ಈ ಅಂತ 49 ಅಕ್ಷರ ಬಾಯಿಪಾಠ ಮಾಡಿಸೋಕೆ ಹೊರಡ್ತಾರೆ, ಯಾಕಂದ್ರೆ ತಾವೂ ಹಂಗೇ ಕಲಿತಿರೋದು. ದೊಡ್ಡೋರಿಗೆ ಅಷ್ಟು ದಿನ ಕಾಯೋ ತಾಳ್ಮೆ ಇರಲ್ಲ, ಮೊದಲನೇ ವಾರದಲ್ಲೇ ಏನಾದ್ರೂ ಓದಿದೆ ಅನ್ನಿಸ್ಬೇಕು. ನಮ್ಮ ಒಂದನೇ ಕ್ಲಾಸ್ ಮಕ್ಕಳಿಗೆ ಆಕಾರ ನೋಡಿ ರ ಗ ಸ ದ ಅ, ಆಮೇಲೆ ಜ ವ ಮ ಬ ನ ಅಂತ ಗುಂಪು ಮಾಡಿ ಕಲಿಸ್ತಾರಲ್ಲ, ಅದು ದೊಡ್ಡೋರಿಗೂ ಚೆನ್ನಾಗಿ ಒಗ್ಗುತ್ತೆ. ಈ ಹತ್ತೇ ಅಕ್ಷರದಲ್ಲಿ ಮಗ, ಮರ, ದನ, ದರ, ಜನ, ಬಸವ, ಜವರ ಎಲ್ಲ ಬರುತ್ತೆ. "ಬಸವನ ಮಗ", "ಜವರನ ದನದ ದರ" ಅಂತ ಬೋರ್ಡ್ ಮೇಲೆ ಬರೆದು ಓದಿಸಿ ನೋಡಿ, ಕ್ಲಾಸೆಲ್ಲ ನಗುತ್ತೆ, ದನಕ್ಕೆ ಎಷ್ಟು ಬಂತು ಅಂತ ಮಾತು ಶುರುವಾಗುತ್ತೆ. ಕೊಂಬು ಗುಡಿಸು ಆಮೇಲೆ ಒಂದೊಂದೇ ಬರ್ಲಿ. ಒತ್ತಕ್ಷರ ತುಂಬಾ ಕಷ್ಟ, ಅದಕ್ಕೆ ಅಮ್ಮ ಅಪ್ಪ ಅಕ್ಕದಂಥ ಅದೇ ಅಕ್ಷರಕ್ಕೆ ಅದೇ ಒತ್ತು ಇರೋದ್ರಿಂದ ಶುರು ಮಾಡ್ಲಿ. ಮಂಡ್ಯ ಅಂತ ಊರ ಹೆಸರೇ ಮೊದ್ಲು ಬರೆಸೋಣ ಅಂತ ಹೋದ್ರೆ ಒಂದೇ ಪದದಲ್ಲಿ ಸೊನ್ನೆನೂ ಬಂತು ಬೇರೆ ಅಕ್ಷರದ ಒತ್ತೂ ಬಂತು, ಅದು ಹಿಂದಕ್ಕಿರ್ಲಿ.

ಎರಡನೇದು ನಮ್ಮ ಕಡೆ ಮಾತಿನ ವಿಷಯ. ಹಾಲನ್ನ ಆಲು ಅಂತೀವಿ, ಹಸುನ ಅಸು ಅಂತೀವಿ, ಹೊಲನ ಒಲ ಅಂತೀವಿ. ಆ ಅಮ್ಮ ಪುಸ್ತಕದಲ್ಲಿ ಹಾಲು ಅಂತಿರೋದನ್ನ "ಆಲು" ಅಂತ ಓದಿದ್ರೆ ಅವರು ಸರಿಯಾಗಿ ಓದಿದ್ದಾರೆ ಅಂತ್ಲೇ ಅರ್ಥ, ಅಕ್ಷರ ನೋಡಿದ್ರು, ಯಾವ ವಸ್ತು ಅಂತ ತಿಳ್ಕೊಂಡ್ರು, ತಮ್ಮ ಬಾಯಲ್ಲಿ ಹೇಗೆ ಬರುತ್ತೋ ಹಾಗೆ ಹೇಳಿದ್ರು. ಪೇಟೆಯಿಂದ ಹೋದ ಕಾಲೇಜು ಹುಡುಗರು ಇಲ್ಲಿ "ಆಲು ಅಲ್ಲಮ್ಮ, ಹಾ ಹಾ ಹಾಲು" ಅಂತ ಹತ್ತು ಸಲ ಹೇಳ್ಸೋಕೆ ಹೋಗ್ತಾರೆ, ಅಲ್ಲಿಗೆ ಆ ಅಮ್ಮನ ಬಾಯಿ ಕಟ್ಟಿಹೋಗುತ್ತೆ. ಇದನ್ನ ನೀವು ಮೊದ್ಲೇ ಹೇಳಿರ್ಬೇಕು, ಓದುವಾಗ ತಿದ್ದೋದು ಬೇಡ. ಬರೆಯುವಾಗ ಮಾತ್ರ ಅಕ್ಕಿ ಹಕ್ಕಿ, ಒಲೆ ಹೊಲ ಅಂತ ಜೊತೆಜೊತೆ ಇಟ್ಟು, ನಾವು ಬಾಯಲ್ಲಿ ಹೇಗೇ ಅಂದ್ರೂ ಬರೆಯೋದು ಹೀಗೆ ಅಂತ ತೋರಿಸಿದ್ರೆ ಸಾಕು.

ಮೈಸೂರು ಸಿಟಿಲಿ ಮನೇಲಿ ಉರ್ದು, ತಮಿಳು ಆಡೋ ಹೆಂಗಸರು ಕ್ಲಾಸಿಗೆ ಬರ್ತಾರೆ, ಎಚ್.ಡಿ. ಕೋಟೆ ಕಡೆ ಹಾಡಿಗಳಲ್ಲಿ ಜೇನುಕುರುಬರ ಮಾತೇ ಬೇರೆ. ಅಲ್ಲಿ ಅಕ್ಷರಕ್ಕೂ ಮುಂಚೆ ಪದದ ಅರ್ಥ ಗೊತ್ತಾ ಅಂತ ನೋಡ್ಬೇಕು, ಆದಷ್ಟು ಅವರ ಮಾತು ಬರೋ ಒಬ್ರು ಜೋಡೀಲಿ ಇರೋ ಹಾಗೆ ಮಾಡಿ.

ಲೆಕ್ಕ: ಇಲ್ಲಿ ಕಲಿಸೋರಿಗಿಂತ ಕಲಿಯೋರೇ ಮುಂದೆ

ಲೆಕ್ಕದ ಕ್ಲಾಸಿಗೆ ವಾಲಂಟಿಯರ್‌ಗಳು ಜಾಸ್ತಿ ಹೆದರ್ತಾರೆ, ಕೆಲವರಿಗೆ ಸ್ಕೂಲಲ್ಲೇ ಲೆಕ್ಕ ಅಂದ್ರೆ ಆಗ್ತಿರ್ಲಿಲ್ಲ. ಅವರಿಗೆ ಹೇಳಿ, ನೀವು ಕೂಡೋದು ಕಳಿಯೋದು ಕಲಿಸೋಕೆ ಹೋಗ್ತಿಲ್ಲ, ಅದು ಅವರಿಗೆ ಬರುತ್ತೆ. ಸಂತೇಲಿ ಸೊಪ್ಪು ಮಾರೋ ಹೆಂಗಸು ನೂರರ ನೋಟಿಗೆ ಚಿಲ್ರೆ ಲೆಕ್ಕ ಹಾಕೋದು ನಮ್ಮ ಕ್ಯಾಲ್ಕುಲೇಟರ್‌ಗಿಂತ ಬೇಗ. ಊದುಬತ್ತಿ ಹೊಸೆಯೋರಿಗೆ ಸಾವಿರಕ್ಕೆ ಇಷ್ಟು ಅಂದ್ರೆ ಎರಡೂವರೆ ಸಾವಿರಕ್ಕೆ ಎಷ್ಟು ಅಂತ ಬಾಯಲ್ಲೇ ಬರುತ್ತೆ. 40 ಗುಂಟೆಗೆ ಒಂದು ಎಕರೆ, ಮುಕ್ಕಾಲು ಎಕರೆ ಅಂದ್ರೆ 30 ಗುಂಟೆ ಅಂತ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಬರದೇ ಇರೋದು ಅದನ್ನ ಕಾಗದದ ಮೇಲೆ ಇಡೋದು, ಬೇರೆಯೋರು ಕಾಗದದ ಮೇಲಿಟ್ಟಿದ್ದನ್ನ ಓದೋದು. ಹಂಗಾಗಿ ಮೊದ್ಲು ಬಾಯಲ್ಲಿ ಲೆಕ್ಕ ಹಾಕಿಸಿ, ಹೇಗೆ ಹಾಕಿದ್ರಿ ಅಂತ ಕೇಳಿ, ಆಮೇಲೆ ಅದನ್ನೇ ಬರೆದು ತೋರಿಸಿ.

ಅಂಕಿ ಯಾವುದು ಅಂತ ಒಂದು ಪ್ರಶ್ನೆ ಬರುತ್ತೆ. ಫೋನು, ನೋಟು, ಪಾಸ್‌ಬುಕ್ಕು, ಕರೆಂಟ್ ಬಿಲ್ಲು ಎಲ್ಲದ್ರಲ್ಲೂ 1 2 3 ಇರೋದ್ರಿಂದ ಮೊದ್ಲು ಅದೇ ಕಲಿಸ್ಬೇಕು ಅನ್ನೋದು ನನ್ನ ಅಭಿಪ್ರಾಯ. ಕನ್ನಡ ಅಂಕಿ ಮೇಲೆ ನಮಗೆಲ್ಲ ಪ್ರೀತಿ ಇದೆ, ಅಲ್ಲೊಂದು ಇಲ್ಲೊಂದು ಬಸ್ಸಿನ ನಂಬರ್ ಪ್ಲೇಟಲ್ಲಿ ಕಂಡ್ರೆ ಗುರುತು ಹಿಡಿಯೋ ಹಾಗೆ ಕೊನೆಗೆ ಹೇಳ್ಕೊಟ್ರಾಯ್ತು, ಎರಡನ್ನೂ ಒಟ್ಟಿಗೆ ತುಂಬಿದ್ರೆ ಗಲಿಬಿಲಿ ಆಗ್ತಾರೆ.

ಎಲ್ಲ ಕ್ಲಾಸಲ್ಲೂ ಬರೋ ಒಂದು ತೊಡಕು ಹೇಳ್ತೀನಿ. ನೂರ ಇಪ್ಪತ್ತೈದು ಬರೀರಿ ಅಂದ್ರೆ 10025 ಅಂತ ಬರೀತಾರೆ. ಅವರ ಪ್ರಕಾರ ಅದು ಸರಿ, ನೂರು ಬರೆದ್ರು ಪಕ್ಕದಲ್ಲಿ ಇಪ್ಪತ್ತೈದು ಬರೆದ್ರು, ಕೇಳಿದ್ದನ್ನ ಕೇಳಿದ ಹಾಗೇ ಬರೆದ್ರು. ಇದಕ್ಕೆ ಹಳೇ ಲಗ್ನಪತ್ರಿಕೆ ರಟ್ಟು ಸಾಕು. ಉದ್ದದ ಚೂರಲ್ಲಿ 100, ಅದಕ್ಕಿಂತ ಸಣ್ಣದ್ರಲ್ಲಿ 20, ಇನ್ನೂ ಸಣ್ಣದ್ರಲ್ಲಿ 5 ಅಂತ ದಪ್ಪಗೆ ಬರೀರಿ, ಅಂಕಿಗಳ ಅಗಲ ಎಲ್ಲದ್ರಲ್ಲೂ ಒಂದೇ ಇರ್ಬೇಕು. 100ರ ಮೇಲೆ 20ನ್ನ ಬಲಗಡೆ ಅಂಚಿಗೆ ಸರಿಯಾಗಿ ಇಟ್ರೆ ಎರಡು ಸೊನ್ನೆ ಮುಚ್ಚಿ 120 ಆಗುತ್ತೆ, ಅದರ ಮೇಲೆ 5 ಇಟ್ರೆ 125. ಸೊನ್ನೆ ಎಲ್ಲೂ ಹೋಗಿಲ್ಲ, ಕೆಳಗಡೆ ಇದೆ ಅಂತ ಎತ್ತಿ ತೋರಿಸ್ಬಹುದು. ಅವರೇ ಎತ್ತಿ ಇಟ್ಟು ಆಡ್ಲಿ, ಒಂದೆರಡು ಕ್ಲಾಸಲ್ಲಿ ಹಿಡ್ಕೊಳ್ತಾರೆ. ಪ್ರತಿ ವಾಲಂಟಿಯರ್ ಹತ್ರ ಇಂಥ ಒಂದು ಸೆಟ್ ಇರೋ ಹಾಗೆ ನೀವು ನೋಡ್ಕೊಳ್ಳಿ.

ಇನ್ನೊಂದು ತೊಡಕು ಪಾಯಿಂಟ್ ಇರೋ, ಅಂದ್ರೆ ದಶಮಾಂಶದ ಲೆಕ್ಕ. ಡೈರಿಗೆ ಹಾಲು ಹಾಕೋ ಮನೆಗಳಲ್ಲಿ ಚೀಟಿ ಬರುತ್ತಲ್ಲ, ಲೀಟರ್, ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಗಟ್ಟಿ ಅಂಶ), ದರ, ಮೊತ್ತ ಅಂತ, ಅದಕ್ಕಿಂತ ಒಳ್ಳೆ ಪಾಠದ ಪುಸ್ತಕ ನಮ್ಮ ಜಿಲ್ಲೆಲಿ ಇಲ್ಲ. 4.6 ಲೀಟರ್, ಲೀಟರಿಗೆ 34 ಅಂದ್ರೆ 156 ರೂಪಾಯಿ 40 ಪೈಸೆ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ, ತಿಂಗಳಿಗೆ 150 ಲೀಟರ್ ಹಾಕಿದ್ರೆ 750 ಬರ್ಬೇಕು, ಅಕೌಂಟಿಗೆ ಬಂದಿದ್ಯಾ ಅಂತ ಪಾಸ್‌ಬುಕ್ ನೋಡಿಸಿ. ಫ್ಯಾಟ್ 4.25 ಜಾಸ್ತಿನೋ 4.5 ಜಾಸ್ತಿನೋ ಅಂತ ಕೇಳಿ, ಇಪ್ಪತ್ತೈದು ಐದಕ್ಕಿಂತ ದೊಡ್ಡದು ಅಂತ 4.25 ಅನ್ನೋರೇ ಹೆಚ್ಚು. ಆಗ 4.5ನ್ನ 4.50 ಅಂತ ಬರೆದು ಪಕ್ಕದಲ್ಲಿಡಿ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆ ನೀರಿನ ಮಟ್ಟ ದಿನಾ ಪೇಪರಲ್ಲಿ ಬರುತ್ತೆ, ಗರಿಷ್ಠ 124.80 ಅಡಿ, ಇವತ್ತು ಇಷ್ಟು, ನಿನ್ನೆ ಇಷ್ಟು ಅಂತ, ನಾಲೆಗೆ ನೀರು ಬಿಡ್ತಾರಾ ಅಂತ ಕಾಯ್ತಿರೋ ರೈತರು ಅದನ್ನ ಓದೋಕೆ ಎಷ್ಟು ಆಸೆಯಿಂದ ಕೂರ್ತಾರೆ ಅಂತ ನೋಡ್ಬೇಕು. ತುಂಬೋಕೆ ಇನ್ನೆಷ್ಟು ಅಡಿ ಅಂತ ಕೇಳಿದ್ರೆ ಕಳಿಯೋ ಲೆಕ್ಕ ಆಯ್ತು. ಕಬ್ಬು ಕಡಿಯೋ ಊರುಗಳಲ್ಲಿ ವೇಬ್ರಿಡ್ಜ್ ಚೀಟಿ ಇದೆ, ತುಂಬಿದ ಗಾಡಿ ತೂಕ, ಖಾಲಿ ಗಾಡಿ ತೂಕ, ಉಳಿದಿದ್ದು ಕಬ್ಬು.

ಬಡ್ಡಿ ಲೆಕ್ಕಕ್ಕೆ ಒಂದು ಪೂರ್ತಿ ಕ್ಲಾಸ್ ಇಡ್ಸಿ. ನೂರಕ್ಕೆ ಮೂರು ಅಂದ್ರೆ ಕಮ್ಮಿ ಅನ್ಸುತ್ತೆ, ಅದು ತಿಂಗಳಿಗೆ. 20000 ತಗೊಂಡ್ರೆ ತಿಂಗಳಿಗೆ 600, ವರ್ಷಕ್ಕೆ 7200, ಅಂದ್ರೆ ವರ್ಷಕ್ಕೆ ನೂರಕ್ಕೆ ಮೂವತ್ತಾರು. ಬ್ಯಾಂಕಿನೋರು ಶೇಕಡ 12 ಅಂದಾಗ ಅದು ವರ್ಷದ್ದು. ಈ ಎರಡನ್ನೂ ಪಕ್ಕಪಕ್ಕ ಬರೆದಾಗ ಕ್ಲಾಸ್ ಸುಮ್ಮನಾಗುತ್ತೆ, ವಾಲಂಟಿಯರ್ ಅಲ್ಲಿ ಯಾರ ಸಾಲ ಎಷ್ಟು ಅಂತ ಕೇಳೋಕೆ ಹೋಗ್ಬಾರ್ದು ಅಂತ ಮೊದ್ಲೇ ತಿಳಿಸಿ, ಊರಿಗೆ ಸುದ್ದಿ ಆದ್ರೆ ಆ ಹೆಂಗಸು ಮತ್ತೆ ಬರಲ್ಲ.

ವಾರಕ್ಕೊಂದ್ಸಲ ಕೂತು ಮಾತಾಡೋದು

ಬೇರೆ ಏನೂ ಮಾಡಕ್ಕಾಗ್ಲಿಲ್ಲ ಅಂದ್ರೂ ಇದೊಂದನ್ನ ಬಿಡ್ಬೇಡಿ. ಅಕ್ಕಪಕ್ಕದ ನಾಲ್ಕೈದು ಕ್ಲಾಸಿನ ವಾಲಂಟಿಯರ್‌ಗಳು ವಾರಕ್ಕೊಂದ್ಸಲ ಒಂದು ಕಡೆ ಸೇರ್ಬೇಕು, ಒಂದು ಗಂಟೆ ಸಾಕು, ಟೀ ಬಿಸ್ಕತ್ತು ನಿಮ್ಮ ಕಡೆಯಿಂದ. ವರದಿ ಒಪ್ಪಿಸೋ ಮೀಟಿಂಗ್ ಮಾಡ್ಬೇಡಿ. ಎಷ್ಟು ಜನ ಬಂದ್ರು ಅಂತ ಕೇಳೋಕೂ ಮುಂಚೆ ನೀನ್ ಹೇಗಿದ್ದೀಯ ಅಂತ ಕೇಳಿ. ಆಮೇಲೆ ಈ ವಾರ ಎಲ್ಲಿ ಸಿಕ್ಕಾಕೊಂಡ್ರಿ, ಯಾರು ಬರೋದು ನಿಲ್ಸಿದ್ರು, ಮುಂದಿನ ವಾರ ಏನು ಕಲಿಸ್ತೀರಿ, ಇಷ್ಟೇ.

ಮಾತು ಹೀಗೆ ಬರುತ್ತೆ. ಒಬ್ಳು ಹೇಳ್ತಾಳೆ, "ಅಕ್ಕಾ, ಆ ಅಜ್ಜಿಗೆ ಮೂರು ವಾರದಿಂದ ಅದೇ ಐದು ಅಕ್ಷರ ಹೇಳ್ಕೊಡ್ತಿದೀನಿ, ಇವತ್ತು ಬರುತ್ತೆ ನಾಳೆ ಮರ್ತೋಗುತ್ತೆ, ನಂಗೇ ಕಲಿಸೋಕೆ ಬರಲ್ಲ ಅನ್ಸುತ್ತೆ." ಇಲ್ಲಿ ನೀವು ಅವಸರದಲ್ಲಿ ಸಲಹೆ ಕೊಡ್ಬೇಡಿ, ಆ ಅಜ್ಜಿ ನೋಟ್‌ಬುಕ್ ತಂದಿದ್ಯಾ ಅಂತ ಕೇಳಿ. ನೋಟ್‌ಬುಕ್ ತೆಗೆದ್ರೆ ಅಕ್ಷರ ಎಲ್ಲ ದಪ್ಪದಪ್ಪ, ಗೆರೆ ಬಿಟ್ಟು ಮೇಲೆ ಕೆಳಗೆ ಹೋಗಿದೆ. ಇನ್ನೊಂದು ಊರಿನೋಳು ನೋಡಿ, "ನಮ್ಮಲ್ಲೂ ಒಬ್ರು ಹಂಗೇ ಬರೀತಿದ್ರು ಕಣೇ, ಕನ್ನಡಕ ಹಾಕಿಸಿದ್ಮೇಲೆ ಸರಿಹೋಯ್ತು" ಅಂತಾಳೆ. ಆ ಹುಡುಗಿ ಮುಖ ನೋಡಿ ಆಗ, ತಪ್ಪು ತನ್ನದಲ್ಲ ಅಂತ ಗೊತ್ತಾದಾಗ ಎಷ್ಟು ಹಗುರ ಆಗ್ತಾಳೆ. ಈ ಸಮಾಧಾನ ತರಬೇತಿ ಪುಸ್ತಕದಲ್ಲಿ ಸಿಗಲ್ಲ, ಪಕ್ಕದ ಊರಲ್ಲಿ ಅದೇ ಕಷ್ಟ ಪಡ್ತಿರೋ ಇನ್ನೊಬ್ಳ ಬಾಯಿಂದ್ಲೇ ಸಿಗೋದು.

ಕನ್ನಡಕದ ಮಾತು ಬಂತಲ್ಲ, ನಲವತ್ತು ದಾಟಿದೋರಿಗೆ ಹತ್ರದ್ದು ಮಂಜಾಗೋದು ಸಾಮಾನ್ಯ, ದೂರದ್ದು ಸರಿ ಕಾಣೋದ್ರಿಂದ ಅವರಿಗೇ ಗೊತ್ತಾಗಲ್ಲ. ಕ್ಲಾಸ್ ಶುರುವಾದ ಮೊದಲನೇ ತಿಂಗಳಲ್ಲೇ ತಾಲ್ಲೂಕು ಆಸ್ಪತ್ರೆಲಿ ಕಣ್ಣು ಟೆಸ್ಟ್ ಮಾಡಿಸೋಕೆ ಎಲ್ರನ್ನೂ ಕರ್ಕೊಂಡು ಹೋಗೋ ಏರ್ಪಾಡು ಮಾಡಿ.

ವಾರದ ಮಧ್ಯ ವಾಟ್ಸಾಪ್ ಗ್ರೂಪ್ ಇರ್ಲಿ, ವಾಯ್ಸ್ ಮೆಸೇಜಲ್ಲಿ ಡೌಟ್ ಕೇಳ್ಲಿ, ಆದ್ರೆ ಅದ್ರಲ್ಲಿ ಗುಡ್ ಮಾರ್ನಿಂಗ್ ಫೋಟೋ ಬೇಡ, "ಯಾಕೆ ನಿನ್ನೆ ಕ್ಲಾಸ್ ಇಲ್ಲ" ಅಂತ ಎಲ್ರ ಮುಂದೆ ಕೇಳೋದೂ ಬೇಡ. ಅಂಥದ್ದು ಫೋನ್ ಮಾಡಿ ಕೇಳಿ.

ಹೋಗಿ ಕೂತು ನೋಡೋದು

ತಿಂಗಳಿಗೊಂದು ಸಲನಾದ್ರೂ ಪ್ರತಿ ಕ್ಲಾಸಿಗೆ ಹೋಗಿ, ಹೇಳಿಯೇ ಹೋಗಿ, ಹಿಂದೆ ಚಾಪೆ ಮೇಲೆ ಕಲಿಯೋರ ಜೊತೆ ಕೂತ್ಕೊಳ್ಳಿ. ಮಧ್ಯ ಬಾಯಿ ಹಾಕ್ಬೇಡಿ, ಕಲಿಯೋರ ಮುಂದೆ ವಾಲಂಟಿಯರ್‌ನ ತಿದ್ದಿದ್ರೆ ಆ ಕ್ಲಾಸಲ್ಲಿ ಅವಳ ಮಾತಿಗೆ ಬೆಲೆ ಹೋಗುತ್ತೆ. ನೋಡ್ಬೇಕಾದ್ದು ಇಷ್ಟು: ಒಂದು ಗಂಟೇಲಿ ಕಲಿಯೋರ ಕೈ ಎಷ್ಟು ಹೊತ್ತು ಕೆಲಸ ಮಾಡ್ತು, ಬಾಯಿ ಎಷ್ಟು ಹೊತ್ತು ಆಡ್ತು. ಟೀಚರೇ ಮುಕ್ಕಾಲು ಗಂಟೆ ಮಾತಾಡಿದ್ರೆ ಅದನ್ನ ಹೇಳ್ಬೇಕು. ಮುಗಿದ್ಮೇಲೆ ಅವಳ ಜೊತೆ ನಡ್ಕೊಂಡು ಹೋಗ್ತಾ ಮೊದ್ಲು ಒಳ್ಳೇದು ಏನು ಕಂಡ್ರಿ ಅಂತ ನಿರ್ದಿಷ್ಟವಾಗಿ ಹೇಳಿ, "ಚೆನ್ನಾಗಿತ್ತು" ಅಂದ್ರೆ ಏನೂ ಹೇಳಿದ ಹಾಗಲ್ಲ, "ಆಯಮ್ಮ ತಡವರಿಸಿದಾಗ ನೀನು ಉತ್ತರ ಹೇಳ್ಬಿಡದೆ ಕಾದೆಯಲ್ಲ, ಅದು ಚೆನ್ನಾಗಿತ್ತು" ಅನ್ನಿ. ಬದಲಾಯಿಸ್ಬೇಕಾದ್ದು ಒಂದು ಸಲಕ್ಕೆ ಒಂದೇ ಹೇಳಿ.

ಜನ ಬರದ ವಾರಗಳು

ಜುಲೈ ಆಗಸ್ಟಲ್ಲಿ ನಾಟಿ, ನವೆಂಬರ್ ಡಿಸೆಂಬರಲ್ಲಿ ಭತ್ತದ ಕೊಯ್ಲು, ಮಧ್ಯ ಮಾರ್ನಾಮಿ, ದಸರಾ, ಊರ ಜಾತ್ರೆ. ಈ ದಿನಗಳಲ್ಲಿ ಕ್ಲಾಸಿಗೆ ಇಬ್ರೇ ಬರ್ತಾರೆ, ಇಲ್ಲಾ ಯಾರೂ ಬರಲ್ಲ, ವಾಲಂಟಿಯರ್ ಒಬ್ಳೇ ಬಾಗಿಲು ತೆಗೆದು ಕೂತು ವಾಪಸ್ ಹೋಗ್ತಾಳೆ. ಅವಳ ಮನಸ್ಸು ಮುರಿಯೋದೇ ಆಗ. ವರ್ಷದ ಶುರುನಲ್ಲೇ ಊರಿನೋರ ಜೊತೆ ಕೂತು ಕ್ಯಾಲೆಂಡರ್ ಮೇಲೆ ರಜೆ ಗುರುತು ಹಾಕ್ಬಿಡಿ, ರಜೆ ಅಂತ ಘೋಷಣೆ ಮಾಡಿದ್ರೆ ಅದು ಸೋಲಾಗಲ್ಲ. ದಿನದ ಹೊತ್ತೂ ಅವರೇ ತೀರ್ಮಾನ ಮಾಡ್ಲಿ, ಮಧ್ಯಾಹ್ನ ಊಟ ಆದ್ಮೇಲೆ ಹಸು ಕರೆಯೋ ಮುಂಚೆ, ಇಲ್ಲಾ ಡೈರಿಗೆ ಹಾಲು ಹಾಕಿ ಬಂದ್ಮೇಲೆ ಸೀರಿಯಲ್ ಶುರುವಾಗೋ ಮುಂಚೆ, ಊರಿಂದೂರಿಗೆ ಬೇರೆ ಇರುತ್ತೆ. ಇಬ್ರೇ ಬಂದ ದಿನಕ್ಕೆ ಅಂತ ಒಂದು ಪಾಠ ಮೊದ್ಲೇ ತಯಾರಿರ್ಲಿ, ಬಸ್ ಬೋರ್ಡ್ ಓದೋದು, ಫೋನಲ್ಲಿ ನಂಬರ್ ಸೇವ್ ಮಾಡೋದು, ನೋಟಿನ ಹಿಂಭಾಗ 15 ಭಾಷೆ ಪಟ್ಟೀಲಿ ಮೇಲಿಂದ ನಾಲ್ಕನೇ ಸಾಲು ಕನ್ನಡ ಅಂತ ಹುಡುಕಿ ಓದೋದು, ಇಂಥವು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆದ್ಮೇಲೆ ಒಬ್ಬೊಬ್ರೇ ಓಡಾಡೋರು ಜಾಸ್ತಿಯಾಗಿದ್ದಾರೆ, ಬೋರ್ಡ್ ಓದೋ ಆಸೆ ಅವರಿಗೆ ನಿಜವಾಗ್ಲೂ ಇದೆ.

ಸೈನು, ಪಿನ್ನು, ಒಟಿಪಿ

ಇದನ್ನ ಪ್ರತಿಯೊಬ್ಬ ವಾಲಂಟಿಯರ್‌ಗೂ ಖಡಾಖಂಡಿತವಾಗಿ ಹೇಳ್ಲೇಬೇಕು. ಹೆಸರು ಬರೆಯೋದು ಬಂದ ತಕ್ಷಣ ಎಲ್ರೂ ಚಪ್ಪಾಳೆ ಹೊಡೀತೀವಿ, ಆದ್ರೆ ಹೆಬ್ಬೆಟ್ಟು ಒತ್ತೋರಿಗೆ ಕಾಗದ ಓದಿ ಹೇಳೋ ಪದ್ಧತಿಯಾದ್ರೂ ಇರುತ್ತೆ, ಸೈನ್ ಮಾಡೋರಿಗೆ ಓದೋಕೂ ಬರುತ್ತೆ ಅಂದ್ಕೊಂಡು ಸಾಲದ ಪೇಪರ್ ಸುಮ್ಮನೆ ಮುಂದಿಟ್ಬಿಡ್ತಾರೆ. ಅದಕ್ಕೆ ಸೈನ್ ಕಲಿಸೋ ದಿನವೇ "ಓದಿ ಹೇಳಿ, ಆಮೇಲೆ ಸೈನ್ ಮಾಡ್ತೀನಿ" ಅನ್ನೋ ಮಾತನ್ನೂ ಕಲಿಸ್ಬೇಕು, ಒಬ್ರು ಬ್ಯಾಂಕಿನೋರ ಹಾಗೆ ಒಬ್ರು ಸಾಲಗಾರರ ಹಾಗೆ ಕೂತು ಆಡಿ ತೋರಿಸ್ಬೇಕು. ಸಾಲ ಎಷ್ಟು, ಬಡ್ಡಿ ಎಷ್ಟು, ಕಂತು ಎಷ್ಟು, ಈ ಮೂರು ಜಾಗ ಕಾಗದದಲ್ಲಿ ಎಲ್ಲಿದೆ ಅಂತ ಹುಡುಕೋದು ಬಂದ್ರೆ ಪುಸ್ತಕದ ಕೊನೇ ಪಾಠಕ್ಕಿಂತ ಅದು ಮುಖ್ಯ.

ವಾಲಂಟಿಯರ್‌ಗಳು ಯಾರ ಎಟಿಎಂ ಕಾರ್ಡೂ ಇಟ್ಕೊಳ್ಳೋ ಹಾಗಿಲ್ಲ, ಪಿನ್ ಕೇಳೋ ಹಾಗಿಲ್ಲ, ಒಟಿಪಿ ನೋಡೋ ಹಾಗಿಲ್ಲ, ಅವರೇ ನಂಬಿ ಕೊಟ್ರೂ ಸರಿ. ಗೃಹಲಕ್ಷ್ಮಿ ದುಡ್ಡು ಬಂದಿದ್ಯಾ ನೋಡ್ಕೊಡವ್ವ ಅಂತ ಫೋನ್ ಕೈಗೆ ಕೊಡ್ತಾರೆ, ಫೋನ್ ಅವರ ಕೈಲೇ ಇರ್ಲಿ, ಮೆಸೇಜಲ್ಲಿ 2000 ಎಲ್ಲಿದೆ ಅಂತ ಅವರ ಬೆರಳಲ್ಲೇ ತೋರಿಸಿ ಓದಿಸ್ಲಿ. ಇದು ಕಲಿಯೋರಿಗೂ ಒಳ್ಳೇದು, ನಾಳೆ ಏನಾದ್ರೂ ದುಡ್ಡು ಹೋಯ್ತು ಅಂದಾಗ ಆ ಹುಡುಗಿ ಹೆಸರು ಬರದ ಹಾಗೆ ಕಾಪಾಡೋದೂ ನಮ್ಮ ಜವಾಬ್ದಾರಿ.

ಖರ್ಚು

ಸಂಬಳ ಇಲ್ಲ ಸರಿ, ಕೈಯಿಂದ ಖರ್ಚೂ ಆಗ್ಬಾರ್ದು. ಚಾಕ್, ನೋಟ್‌ಬುಕ್, ಪೆನ್ಸಿಲ್, ಫೋನ್ ಡೇಟಾ, ಮೀಟಿಂಗಿಗೆ ಬರೋ ಹುಡುಗರಿಗೆ ಬಸ್ ಚಾರ್ಜ್, ಇದನ್ನ ಪಂಚಾಯ್ತಿಲೋ ಸಂಘದಲ್ಲೋ ಊರ ದಾನಿಗಳ ಹತ್ರನೋ ಮೊದ್ಲೇ ಕೇಳಿಟ್ಕೊಳ್ಳಿ, ಅವರು ಬಾಯಿ ಬಿಟ್ಟು ಕೇಳೋ ತನಕ ಕಾಯ್ಬೇಡಿ. ಎಷ್ಟು ದಿನ ಏನು ಕಲಿಸಿದ್ರು ಅಂತ ಬರೆದ ಒಂದು ಪತ್ರ ಸಂಸ್ಥೆ ಕಡೆಯಿಂದ ಕೊಡಿ, ಮುಂದೆ ಡಿ.ಇಎಲ್.ಇಡಿ, ಬಿ.ಇಡ್ ಅಂತ ಟೀಚರ್ ಕೋರ್ಸಿಗೆ ಹೋಗೋರು ಜೋಪಾನವಾಗಿ ಇಟ್ಕೊಳ್ತಾರೆ.

ಪರೀಕ್ಷೆ ಹತ್ರ ಬಂದಾಗ

ಉಲ್ಲಾಸ್ ಪರೀಕ್ಷೆ 150 ಅಂಕದ್ದು, ಓದು 50, ಬರಹ 50, ಲೆಕ್ಕ 50, ಪ್ರತಿಯೊಂದ್ರಲ್ಲೂ ಶೇಕಡ 33 ಬರ್ಬೇಕು, ಮೂರು ಗಂಟೆ ಟೈಮು. ಪಾಸಾದೋರಿಗೆ ಎನ್‌ಐಓಎಸ್ (ಕೇಂದ್ರದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಸರ್ಟಿಫಿಕೇಟ್ ಬರುತ್ತೆ. ಪರೀಕ್ಷೆ ಅನ್ನೋ ಪದಕ್ಕೇ ಹೆದರಿ ಅರ್ಧ ಜನ ಆ ದಿನ ಊರು ಬಿಟ್ಟು ಹೋಗ್ತಾರೆ, ಮಗಳ ಮನೆಗೆ ಹೋಗ್ಬೇಕು ಅಂತ. ಅದಕ್ಕೆ ಒಂದು ತಿಂಗಳ ಮುಂಚಿಂದ್ಲೇ ಹಳೇ ಪ್ರಶ್ನೆಪತ್ರಿಕೆ ಮಾದರಿಯ ಹಾಳೆ ಕೊಟ್ಟು, ಕ್ಲಾಸಲ್ಲೇ ಮಾತಾಡ್ಕೊಂಡು ತುಂಬಿಸೋದು ಅಭ್ಯಾಸ ಮಾಡಿಸಿ. ಆ್ಯಪಲ್ಲಿ ಕಲಿಯೋರ ಹೆಸರು ಸೇರಿಸೋದು, ಅವರನ್ನ ವಾಲಂಟಿಯರ್ ಹೆಸರಿಗೆ ಜೋಡಿಸೋದು, ಈ ಡೇಟಾ ಎಂಟ್ರಿ ಭಾರನ ನೀವೇ ಹೊತ್ಕೊಳ್ಳಿ. ಜೊತೆಗೆ ವಾಲಂಟಿಯರ್‌ಗೆ ಇದನ್ನೂ ಹೇಳಿ, ಎಷ್ಟು ಜನ ಪಾಸಾದ್ರು ಅನ್ನೋದ್ರ ಮೇಲೆ ನಿನ್ನನ್ನ ಅಳೆಯಲ್ಲ ಅಂತ. ಉತ್ತರ ಹೇಳ್ಕೊಡೋ ಆಸೆ ಹುಟ್ಟೋದು ಆ ಒತ್ತಡದಿಂದ್ಲೇ.

ಪಾಸಾದೋರು ಅಲ್ಲಿಗೇ ನಿಂತ್ರೆ ಒಂದೆರಡು ವರ್ಷದಲ್ಲಿ ಮರ್ತೋಗುತ್ತೆ. ವಾರಕ್ಕೊಂದ್ಸಲ ಅರಿವು ಕೇಂದ್ರಕ್ಕೆ ಕರ್ಕೊಂಡು ಹೋಗಿ ಪೇಪರ್ ಓದಿಸೋದು, ದೊಡ್ಡ ಅಕ್ಷರದ ಕತೆ ಪುಸ್ತಕ ಮನೆಗೆ ಕೊಡೋದು ನಡೀತಿರ್ಲಿ. ಇನ್ನೂ ಓದ್ಬೇಕು ಅನ್ನೋರಿಗೆ ಎನ್‌ಐಓಎಸ್‌ನ ಮುಕ್ತ ಮೂಲ ಶಿಕ್ಷಣ ಇದೆ, ಎ ಹಂತ ಮೂರನೇ ಕ್ಲಾಸಿಗೆ, ಬಿ ಐದನೇ ಕ್ಲಾಸಿಗೆ, ಸಿ ಎಂಟನೇ ಕ್ಲಾಸಿಗೆ ಸಮ. ಒಬ್ರಾದ್ರೂ ಆ ದಾರಿ ಹಿಡಿದ್ರೆ ಅವರನ್ನೇ ಮುಂದಿನ ಕ್ಲಾಸಿಗೆ ಜೊತೆ ವಾಲಂಟಿಯರ್ ಮಾಡ್ಕೊಳ್ಳಿ, ತಡವರಿಸೋರ ಪಕ್ಕ ಹೇಗೆ ಕೂರ್ಬೇಕು ಅಂತ ಅವರಿಗೆ ಗೊತ್ತಿರುತ್ತೆ.

ವಾಲಂಟಿಯರ್ ಬಿಟ್ಟು ಹೋಗುವಾಗ

ಹೋಗೇ ಹೋಗ್ತಾರೆ, ಮದುವೆ ಆಗುತ್ತೆ, ಗಾರ್ಮೆಂಟ್ಸಲ್ಲಿ ಕೆಲಸ ಸಿಗುತ್ತೆ, ಡಿಗ್ರಿಗೆ ಮೈಸೂರಲ್ಲಿ ಹಾಸ್ಟೆಲ್ ಸಿಗುತ್ತೆ. ಬೇಜಾರು ಮಾಡ್ಕೊಂಡು ಕಳಿಸ್ಬೇಡಿ. ಶುರುವಿಂದ್ಲೇ ಪ್ರತಿ ಕ್ಲಾಸಿಗೂ ಒಂದು ನೋಟ್‌ಬುಕ್ ಇಡ್ಸಿ, ಅದ್ರಲ್ಲಿ ಕಲಿಯೋರೊಬ್ಬೊಬ್ಬರಿಗೂ ಒಂದೊಂದು ಪುಟ: ಯಾವ ಅಕ್ಷರದವರೆಗೆ ಬಂದಿದ್ದಾರೆ, ಲೆಕ್ಕದಲ್ಲಿ ಎಲ್ಲಿದ್ದಾರೆ, ಯಾವ ಹೊತ್ತು ಅನುಕೂಲ, ಏನನ್ನ ಓದೋಕೆ ಆಸೆ ಅಂತ ಬಂದಿದ್ದಾರೆ. ಸಾಲ ಜಗಳದಂಥ ಮನೆ ವಿಷಯ ಅದ್ರಲ್ಲಿ ಬರೆಯೋ ಹಾಗಿಲ್ಲ. ಹೋಗೋರು ಹೊಸಬರ ಜೊತೆ ಕಡೇಪಕ್ಷ ಎರಡು ವಾರ ಕ್ಲಾಸಲ್ಲಿ ಕೂತು, ಪುಟ ತಿರುಗಿಸ್ತಾ ಒಬ್ಬೊಬ್ಬರನ್ನೇ ಪರಿಚಯ ಮಾಡಿಸಿ, ಆಮೇಲೆ ನೋಟ್‌ಬುಕ್ಕೂ ಬೀಗದ ಕೈನೂ ಕೊಟ್ಟು ಹೋಗ್ಲಿ. ಆ ಎರಡು ವಾರ ನೀವೂ ಅಲ್ಲಿರಿ.